ಕೆ1000, ಓಎಂ-1, ಎಫ್‌ಎಂ2: ಯಾವುದಕ್ಕೆ ಎಷ್ಟು ಕೊಡಬಹುದು?

ಬ್ಯಾಟರಿ ಸತ್ತರೂ ಫೋಟೊ ತೆಗೆಯುವ ಹಳೆಯ ಎಸ್‌ಎಲ್‌ಆರ್ (ಲೆನ್ಸ್ ಮೂಲಕವೇ ದೃಶ್ಯ ತೋರಿಸುವ ಫಿಲ್ಮ್ ಕ್ಯಾಮೆರಾ) ಬೇಕು ಅಂದವರ ಬಾಯಲ್ಲಿ ಮತ್ತೆ ಮತ್ತೆ ಬರುವ ಹೆಸರು ಮೂರು: ಪೆಂಟ್ಯಾಕ್ಸ್ ಕೆ1000, ಒಲಿಂಪಸ್ ಓಎಂ-1, ನಿಕಾನ್ ಎಫ್‌ಎಂ2. ಮೂರರಲ್ಲೂ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಲೈಟ್ ಮೀಟರ್‌ಗೆ ಮಾತ್ರ. ಮೂರನ್ನೂ ಬಳಸಿದ್ದೇನೆ. ನನಗೆ ತುಂಬಾ ಇಷ್ಟವಾದದ್ದು ಒಂದು, ದುಡ್ಡು ಹಾಕಿ ಅಂತ ಹೇಳುವುದು ಇನ್ನೊಂದು.

ಕೆ1000 ಬಂದದ್ದು 1976ರಲ್ಲಿ, ನಿಂತದ್ದು 1997ರಲ್ಲಿ. ಸೆಲ್ಫ್ ಟೈಮರ್ ಇಲ್ಲ, ಮೀಟರ್‌ಗೆ ಸ್ವಿಚ್ಚೂ ಇಲ್ಲ. ಲೆನ್ಸ್‌ಗೆ ಕ್ಯಾಪ್ ಹಾಕಿಟ್ಟರೆ ಬ್ಯಾಟರಿ ಉಳಿಯುತ್ತದೆ, ಅಷ್ಟೇ. ಕಲಿಯುವವರಿಗೆ ಒಳ್ಳೆಯದು. ಆದರೆ ಲಕ್ಷಗಟ್ಟಲೆ ತಯಾರಾದ ಮಾಡೆಲ್ ಇದು. ‘ಅಪರೂಪದ್ದು’ ಅಂತ ಬೆಲೆ ಏರಿಸಿದರೆ ಒಪ್ಪಬೇಡಿ. ಅಸಾಹಿ (ಪೆಂಟ್ಯಾಕ್ಸ್ ಕಂಪನಿಯ ಹಳೆಯ ಹೆಸರು) ಅಂತ ಕೆತ್ತಿರುವ, ಜಪಾನ್‌ನಲ್ಲಿ ಮಾಡಿದ ಕ್ಯಾಮೆರಾಗೆ ಸ್ವಲ್ಪ ಜಾಸ್ತಿ ಕೊಡಬಹುದು. ಕೊನೆಯ ವರ್ಷಗಳಲ್ಲಿ ಚೀನಾದಲ್ಲಿ ಮಾಡಿದವಕ್ಕೆ ಮೇಲ್ಭಾಗ ಪ್ಲಾಸ್ಟಿಕ್.

ಇನ್ನು ಓಎಂ-1. ಯೋಶಿಹಿಸಾ ಮೈತಾನಿ ರೂಪಿಸಿದ ಈ ಕ್ಯಾಮೆರಾ 1972ರಲ್ಲಿ ಎಂ-1 ಅನ್ನುವ ಹೆಸರಲ್ಲಿ ಬಂತು. ಜರ್ಮನಿಯ ಕ್ಯಾಮೆರಾ ಕಂಪನಿ ಲೈಕಾ ಆ ಹೆಸರಿಗೆ ತಕರಾರು ತೆಗೆದ ಮೇಲೆ ಓಎಂ-1 ಆಯಿತು. ಹಾಗಾಗಿ ಎಂ-1 ಅಂತಲೇ ಬರೆದಿರುವ ಕ್ಯಾಮೆರಾಗೆ ಸಂಗ್ರಹಕಾರರು ಬೇರೆಯೇ ಬೆಲೆ ಕೊಡುತ್ತಾರೆ. ತೂಕ ಸುಮಾರು 510 ಗ್ರಾಂ, ವ್ಯೂಫೈಂಡರ್ ಮಾತ್ರ ವಿಶಾಲ. ಶಟರ್ ಸ್ಪೀಡ್ ರಿಂಗ್ ಲೆನ್ಸ್ ಬುಡದಲ್ಲೇ ಇದೆ, ಕಣ್ಣು ತೆಗೆಯದೆ ಎಡಗೈಯಲ್ಲೇ ಎಲ್ಲ ಮುಗಿಯುತ್ತದೆ. ನಾನು ಸೋತದ್ದು ಇದಕ್ಕೇ.

ಆದರೆ ಕೊಳ್ಳುವಾಗ ಅತಿ ಹೆಚ್ಚು ಹುಷಾರಾಗಿರಬೇಕಾದದ್ದೂ ಇದರಲ್ಲೇ. ವ್ಯೂಫೈಂಡರ್‌ಗೆ ದೃಶ್ಯ ತಲುಪಿಸುವ ಗಾಜಿನ ಪ್ರಿಸಂ ಸುತ್ತ ಇಟ್ಟ ಫೋಮ್ ವರ್ಷ ಕಳೆದಂತೆ ಕರಗಿ ಅಂಟಾಗುತ್ತದೆ, ಪ್ರಿಸಂನ ಬೆಳ್ಳಿ ಲೇಪವನ್ನು ತಿನ್ನುತ್ತದೆ. ಬಿಳಿ ಗೋಡೆಯತ್ತ ಹಿಡಿದು ನೋಡಿ. ಕಪ್ಪು ಕಲೆ ಕಂಡರೆ ಪ್ರಿಸಂ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಮೀಟರ್ 1.35 ವೋಲ್ಟ್‌ನ ಪಾದರಸದ ಬ್ಯಾಟರಿಗೆ ಮಾಡಿದ್ದು, ಅದು ಈಗ ಬರುವುದಿಲ್ಲ. 1.5 ವೋಲ್ಟ್‌ನದು ಹಾಕಿದರೆ ಅಳತೆ ತಪ್ಪುತ್ತದೆ.

ಯಾವುದೇ ಕ್ಯಾಮೆರಾ ಇರಲಿ, ಹಿಂಬಾಗಿಲು ತೆರೆದು ಶಟರ್ ಸ್ಪೀಡ್ 1 ಸೆಕೆಂಡಿಗೆ ಇಟ್ಟು ಕ್ಲಿಕ್ ಮಾಡಿ. ಅಂಟಿಕೊಂಡ ಗೇರ್ ಅಲ್ಲೇ ಗೊತ್ತಾಗುತ್ತದೆ. ವೇಗದ ಸ್ಪೀಡ್‌ಗಳ ನಿಜವಾದ ಪರೀಕ್ಷೆ ರೋಲ್ ತೊಳೆದ ಮೇಲೆಯೇ. ಲೆನ್ಸ್‌ಗೆ ಟಾರ್ಚ್ ಹಾಕಿ ನೋಡಿ. ಮಂಗಳೂರು, ಉಡುಪಿ, ಮಲೆನಾಡಿನ ಮಳೆಗಾಲ ಕಂಡ ಲೆನ್ಸ್ ಆದರಂತೂ ಹಾಗೆ ನೋಡಲೇಬೇಕು. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಗಾಜನ್ನೇ ತಿಂದಿದ್ದರೆ ಒರೆಸಿದರೂ ಗುರುತು ಉಳಿಯುತ್ತದೆ.

ಎಫ್‌ಎಂ2ಗೆ ಮೂರರಲ್ಲಿ ಬೆಲೆ ಜಾಸ್ತಿ. ಆದರೂ ನಾನು ಹೇಳುವುದು ಇದನ್ನೇ. 1982ರಲ್ಲಿ ಬಂದಾಗಲೇ ಶಟರ್ ಸ್ಪೀಡ್ 1/4000 ಸೆಕೆಂಡಿನವರೆಗೆ, ಉಳಿದೆರಡರದು 1/1000ಕ್ಕೇ ನಿಲ್ಲುತ್ತದೆ. ಸುಡುಬಿಸಿಲಿನಲ್ಲಿ 400 ಐಎಸ್‌ಓ ಫಿಲ್ಮ್ ರೋಲ್ ಹಾಕಿದಾಗ ಅವುಗಳಲ್ಲಿ ಲೆನ್ಸ್‌ನ ಕಿಂಡಿ ಎಫ್/11ರ ಆಸುಪಾಸಿನಲ್ಲೇ ಕಿರಿದಾಗಿ ಇರಬೇಕು, ಇದರಲ್ಲಿ 5.6ರವರೆಗೆ ತೆರೆದು ಹಿನ್ನೆಲೆಯನ್ನು ಹೆಚ್ಚು ಮಸುಕು ಮಾಡಬಹುದು. ಫೋಟೊದಲ್ಲಿ ಆ ವ್ಯತ್ಯಾಸ ಕಾಣುತ್ತದೆ ಅಲ್ವಾ? ಸೀರಿಯಲ್ ನಂಬರ್ ಮುಂದೆ ಎನ್ ಇದ್ದರೆ 1984ರ ನಂತರದ್ದು, ಫ್ಲ್ಯಾಶ್ 1/250ರಲ್ಲೂ ಕೆಲಸ ಮಾಡುತ್ತದೆ. ಮೀಟರ್ ಆನ್ ಆಗಲು ಫಿಲ್ಮ್ ಮುಂದೆ ಸರಿಸುವ ವೈಂಡ್ ಲಿವರ್ ಸ್ವಲ್ಪ ಎಳೆದಿಡಬೇಕು. ಎಡಗಣ್ಣಲ್ಲಿ ನೋಡುವವರ ಹಣೆಗೆ ಅದು ಚುಚ್ಚುತ್ತದೆ. ಶಟರ್ ಬ್ಲೇಡ್‌ಗಳನ್ನು ಬೆಳಕಿನಲ್ಲಿ ನೋಡಿ, ಹೆಬ್ಬೆರಳು ಒತ್ತಿ ಬಗ್ಗಿದ ಗುರುತಿದ್ದರೆ ಅದನ್ನು ಬಿಟ್ಟುಬಿಡಿ. ಜೊತೆಗೆ ಕೊಡುವ ಲೆನ್ಸ್ 1977ಕ್ಕಿಂತ ಹಿಂದಿನ, ಮಾರ್ಪಡಿಸದ ನಾನ್-ಎಐ (ನಿಕಾನ್‌ನ ಹಳೆಯ ಜೋಡಣೆಯ ಲೆನ್ಸ್) ಆದರೆ ಈ ಕ್ಯಾಮೆರಾಗೆ ಕೂರುವುದಿಲ್ಲ. ಅದಕ್ಕಾಗಿ ಸುಮ್ನೆ ಒಂದು ರೂಪಾಯಿಯನ್ನೂ ಸೇರಿಸಬೇಡಿ.