ಎರಡೂವರೆ ನೂಲಿನ ಗಂಟು

ಬೆಂಗಳೂರಿನ ಒಂದು ಆಸ್ಪತ್ರೆಯ ಬೆನ್ನುಮೂಳೆ ವಿಭಾಗಕ್ಕೆ ಐದರಲ್ಲಿ ನಾಲ್ಕು ಅಂಕ. ಉಳಿದ ಒಂದನ್ನು ಬಿಲ್ ಕೌಂಟರ್ ಕಳೆಯಿತು.

ನಾನು ತಿಪಟೂರಿನಲ್ಲಿ ಮರಗೆಲಸ ಮಾಡುವವನು. ಹದಿಮೂರು ವರ್ಷದ ಮಗನ ಬೆನ್ನು ಎಡಕ್ಕೆ ವಾಲಿದ್ದು ಮೊದಲು ಕಂಡದ್ದು ನನಗೇ. ಬಾಗಿಲ ಚೌಕಟ್ಟು ಕೂರಿಸಿ ಕೂರಿಸಿ ಕಣ್ಣು ಹಾಗೆ ಪಳಗಿದೆ. ಹಗಲು ಹೇಗೋ ಇರುತ್ತಿದ್ದ, ರಾತ್ರಿ ಎರಡಕ್ಕೆ ಎದ್ದು ಕುಳಿತು ಅಳುತ್ತಿದ್ದ. ಹತ್ತು ತಿಂಗಳು ಅಲೆದೆವು. ಒಬ್ಬರು ಎಕ್ಸ್‌ರೇ ನೋಡಿ ಶಾಲಾ ಚೀಲದ ಭಾರ ಎಂದರು, ಇನ್ನೊಬ್ಬರು ಬೆಲ್ಟ್ ಕಟ್ಟಿಸಿದರು. ಎಂಆರ್‌ಐನಲ್ಲಿ ಮೂಳೆಯ ಸುತ್ತ ಊತ ಕಂಡು ಮೂರನೆಯವರು ಕ್ಷಯವಿರಬಹುದು ಎಂದಾಗ ನನ್ನ ಹೆಂಡತಿ ಎರಡು ದಿನ ಊಟ ಬಿಟ್ಟಳು.

ಇಲ್ಲಿನ ವೈದ್ಯರು ಫಿಲ್ಮುಗಳ ಚೀಲವನ್ನು ಪಕ್ಕಕ್ಕಿಟ್ಟು ಮಗನನ್ನೇ ಕೇಳಿದರು: "ನೋವು ಯಾವ ಹೊತ್ತಿನಲ್ಲಿ ಹೆಚ್ಚಪ್ಪಾ? ಯಾವ ಮಾತ್ರೆಗೆ ಇಳಿಯುತ್ತದೆ?" ಐಬುಪ್ರೊಫೆನ್ ನುಂಗಿದರೆ ನಿದ್ದೆ ಬರುತ್ತದೆ ಎಂದ. ತೆಳು ಪದರಗಳ ಸಿಟಿ ಸ್ಕ್ಯಾನ್ ಬರೆದುಕೊಟ್ಟರು. ಸೊಂಟದ ಮೂರನೆಯ ಮೂಳೆಯ ಹಿಂಬದಿಯಲ್ಲಿ ಸಿಕ್ಕಿಬಿತ್ತು: ಎಂಟು ಮಿಲಿಮೀಟರಿನ ಗಂಟು, ಇಂಚಿನ ಎಂಟನೇ ಒಂದು ಭಾಗವನ್ನು ನೂಲು ಎನ್ನುವ ನಮ್ಮ ಮರಗೆಲಸದ ಲೆಕ್ಕದಲ್ಲಿ ಎರಡೂವರೆ ನೂಲು. ಹೆಸರು ಆಸ್ಟಿಯಾಯ್ಡ್ ಆಸ್ಟಿಯೋಮಾ. ಕ್ಯಾನ್ಸರ್ ಅಲ್ಲ, ಹರಡುವುದೂ ಇಲ್ಲ. ಆದರೆ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಹೇರಳವಾಗಿ ಹೊರಡಿಸುತ್ತದೆ. ಅದನ್ನು ತಡೆಯುವ ಮಾತ್ರೆಗೆ ನೋವು ಬಗ್ಗುವುದು ಅದಕ್ಕೇ. ಗಂಟಿರುವ ಬದಿಯ ಸ್ನಾಯು ಬಿಗಿದು ಬೆನ್ನನ್ನು ತನ್ನತ್ತ ಎಳೆಯುತ್ತದಂತೆ.

ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬಹುದು, ಇಲ್ಲವೇ ಸೂಜಿಯಿಂದ ಸುಡಬಹುದು ಎಂದರು. ಸುಡುವ ವಿಧಾನವನ್ನು ಅಮೆರಿಕದ ವೈದ್ಯರು 1992ರಲ್ಲೇ ಪ್ರಕಟಿಸಿದ್ದಾರಂತೆ. ಪಕ್ಕದ ನರ ಎಷ್ಟು ದೂರದಲ್ಲಿದೆ ಎಂದು ಪರದೆಯ ಮೇಲೆ ಅಳೆದು ತೋರಿಸಿದ ಮೇಲೆಯೇ ನಾನು ಸಹಿ ಹಾಕಿದ್ದು. ಅಳೆಯದೆ ಕೊರೆಯುವವರನ್ನು ನಾನು ಅಂಗಡಿಯಲ್ಲೂ ಇಟ್ಟುಕೊಳ್ಳುವುದಿಲ್ಲ. ಪೂರ್ತಿ ಅರಿವಳಿಕೆ ಕೊಟ್ಟು, ಸಿಟಿಯಲ್ಲಿ ದಾರಿ ನೋಡುತ್ತಾ ಸೂಜಿ ಇಳಿಸಿ, ತುದಿಯನ್ನು 90 ಡಿಗ್ರಿಗೆ ಕಾಯಿಸಿ ಆರು ನಿಮಿಷ ಹಿಡಿದರು. ನರಕ್ಕೆ ಬಿಸಿ ತಾಗದಂತೆ ನಡುವೆ ದ್ರವ ಹರಿಸಿದ್ದರು. ಹೊಲಿಗೆ ಇಲ್ಲ, ಒಂದು ಪಟ್ಟಿ ಅಷ್ಟೇ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಮನೆಗೆ ಹೋಗಬಹುದು ಎಂದರು. ಹೊರಬಿದ್ದದ್ದು ಸಂಜೆ ನಾಲ್ಕಕ್ಕೆ! ಒಂದೇ ಆಧಾರ್ ಪ್ರತಿಯನ್ನು ಮೂರು ಕಿಟಕಿಗಳಲ್ಲಿ ಕೊಟ್ಟೆ. ಕ್ಯಾಂಟೀನಿನ ಚಿತ್ರಾನ್ನದ ಬಗ್ಗೆ ಏನೂ ಹೇಳುವುದಿಲ್ಲ.

ಆ ರಾತ್ರಿ ಎರಡಕ್ಕೆ ನಾನೂ ಹೆಂಡತಿಯೂ ಎದ್ದು ಕುಳಿತೆವು, ಮಗ ಮಲಗಿಯೇ ಇದ್ದ. ಆರು ತಿಂಗಳಾಯಿತು. ಮೊನ್ನೆ ಅವನ ಬೆನ್ನಿಗೆ ದಾರ ಹಿಡಿದು ನೋಡಿದೆ. ಇನ್ನೂ ಅರ್ಧ ನೂಲು ಎಡಕ್ಕಿದೆ. ಮುಂದಿನ ತಪಾಸಣೆಗೆ ಬುತ್ತಿ ಕಟ್ಟಿಕೊಂಡೇ ಹೋಗುತ್ತೇವೆ.