ಅಮ್ಮನ ಮೊಬೈಲಿಗೆ ಹಾಕಿಕೊಟ್ಟ ವಿಮಾನದ ಆಪ್, ಒಂದು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ಮೂರೂವರೆ ಸ್ಟಾರ್. ಉಳಿದ ಒಂದೂವರೆ ಯಾಕೆ ಕಡಿದೆ ಅಂತ ಹೇಳಲು ಸ್ವಲ್ಪ ಸುತ್ತಿ ಬರಬೇಕಾಗುತ್ತದೆ. ಆಪ್‌ನ ಹೆಸರು ಬರೆಯುವುದಿಲ್ಲ, ಯಾಕೆಂದರೆ ಬೈಯುವುದೂ ಇದೆ. ಹಾರುತ್ತಿರುವ ವಿಮಾನಗಳನ್ನು ಮ್ಯಾಪಿನ ಮೇಲೆ ತೋರಿಸುವ ಆಪ್‌ಗಳು ನಾಲ್ಕೈದು ಉಂಟು, ಅದರಲ್ಲಿ ಒಂದು ಅಂತ ಇಟ್ಟುಕೊಳ್ಳಿ. ಎಲ್ಲದರ ಕೆಲಸವೂ ಹೆಚ್ಚುಕಡಿಮೆ ಒಂದೇ ಥರ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ತಮ್ಮ ಶಾರ್ಜಾದಲ್ಲಿ. ಇದೇನು ವಿಶೇಷ ಅಲ್ಲ, ನಮ್ಮ ಬೈಲಿನಲ್ಲಿ ಗಲ್ಫಿಗೆ ಒಬ್ಬರೂ ಹೋಗದ ಮನೆ ಇದ್ದರೆ ಅದೇ ವಿಶೇಷ. ಅವನು ವರ್ಷಕ್ಕೊಮ್ಮೆ ಬರುತ್ತಾನೆ, ಮಂಗಳೂರಿಗೆ, ಟಿಕೆಟ್ ಜಾಸ್ತಿ ಆದರೆ ಕಣ್ಣೂರಿಗೆ. ಅವನು ವಿಮಾನ ಹತ್ತಿದ ರಾತ್ರಿ ಅಮ್ಮನಿಗೆ ನಿದ್ದೆ ಇಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಗುಡ್ಡದ ಕೆಳಗೆ ಬಿತ್ತಲ್ಲ, 158 ಜನ ಹೋದರು, ಉಳಿದದ್ದು ಎಂಟೇ ಜನ. ಹೋದವರಲ್ಲಿ ನಮ್ಮ ಕಾಸರಗೋಡಿನವರೇ ಎಷ್ಟೋ ಮಂದಿ. ಆ ದಿನ ನಮ್ಮ ಕಡೆ ಫೋನು ಬಡಿದುಕೊಂಡ ಶಬ್ದ ಅಮ್ಮ ಇನ್ನೂ ಮರೆತಿಲ್ಲ.

ಹಾಗಾಗಿ ಕಳೆದ ವರ್ಷ ಅವರ ಮೊಬೈಲಿಗೆ ಈ ಆಪ್ ಹಾಕಿಕೊಟ್ಟೆ. ದುಡ್ಡು ಕೊಟ್ಟು ವರ್ಷದ ಚಂದಾನೂ ಮಾಡಿದೆ. ಮೊದಲ ವಾರ ಭಾರೀ ಖುಷಿ. ತೋಟದಲ್ಲಿ ಅಡಿಕೆ ಹೆಕ್ಕುವಾಗ ತಲೆ ಮೇಲೆ ಶಬ್ದ ಕೇಳಿದರೆ ಸಾಕು, ಮೊಬೈಲು ತೆಗೆದು ನೋಡಿ "ಇದು ಮಸ್ಕತ್ತಿಗೆ ಹೋಗುವುದು" ಅಂತ ಕೆಲಸದವರಿಗೆ ಹೇಳುತ್ತಿದ್ದರು. ಚುಕ್ಕಿಯನ್ನು ಒತ್ತಿದರೆ ಯಾವ ಕಂಪೆನಿಯ ವಿಮಾನ, ಎಷ್ಟು ಎತ್ತರ, ಎಷ್ಟು ವೇಗ, ಎಲ್ಲಿಂದ ಎಲ್ಲಿಗೆ, ಪೂರಾ ಬರುತ್ತದೆ. ಅಕ್ಷರ ಸಣ್ಣದಾಯಿತು, ಕನ್ನಡ ಇಲ್ಲ, ಆದರೂ ಎರಡು ದಿನದಲ್ಲಿ ಕಲಿತರು. ಮೂರೂವರೆ ಸ್ಟಾರ್‌ನಲ್ಲಿ ಎರಡು ಇದಕ್ಕೇ.

ಇನ್ನು ಆ ರಾತ್ರಿಯ ಕತೆ. ತಮ್ಮ ಬರುವ ವಿಮಾನ ಒಮಾನ್ ದಾಟಿ ಅರಬ್ಬಿ ಸಮುದ್ರದ ಮೇಲೆ ಬಂದಿತ್ತು. ನಾನು ಮಲಗಿದ್ದೆ. ಅಮ್ಮ ಬಂದು ಅಲ್ಲಾಡಿಸಿ ಎಬ್ಬಿಸಿದರು. "ಮಗಾ, ಏಳು. ವಿಮಾನ ಕಾಣ್ತಾ ಇಲ್ಲ."

ನೋಡಿದರೆ ಹೌದು, ಸಮುದ್ರದ ನಡುವೆ ಚುಕ್ಕಿ ಮಾಯ. ನನಗೆ ಕಾರಣ ಗೊತ್ತಿದ್ದರೂ ಒಂದು ಕ್ಷಣ ಹೊಟ್ಟೆ ತಣ್ಣಗಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಾನು ಏಳುವಷ್ಟರಲ್ಲಿ ಅಮ್ಮ ನೀರ್ಚಾಲಿನ ದೊಡ್ಡಮ್ಮನಿಗೆ ಫೋನು ಮಾಡಿ ಆಗಿತ್ತು, ದೊಡ್ಡಮ್ಮ ಅವರ ಮಗನಿಗೆ ಹೇಳಿ ಆಗಿತ್ತು, ಅವನು ತನ್ನ ಮೊಬೈಲಿನಲ್ಲಿ ನೋಡಿ ಸ್ಕ್ರೀನ್‌ಶಾಟ್ ತೆಗೆದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿ ಆಗಿತ್ತು. ಮೂರು ಜನ ಕೈಮುಗಿಯುವ ಚಿತ್ರ ಹಾಕಿದ್ದರು. ಹದಿನೈದು ನಿಮಿಷ ಆಗಲಿಲ್ಲ, ಅದೇ ಸ್ಕ್ರೀನ್‌ಶಾಟ್ ನನ್ನ ಶಾಲೆಯ ಗೆಳೆಯರ ಗ್ರೂಪಿನಿಂದ ನನಗೇ ತಿರುಗಿ ಬಂತು, ಮೇಲೆ ಒಂದು ಸಾಲು: "ಶಾರ್ಜಾ ವಿಮಾನ ಸಂಪರ್ಕ ಕಡಿತ?" ಆ ಪ್ರಶ್ನೆ ಚಿಹ್ನೆ ಹಾಕಿದವನ ಬುದ್ಧಿ ನೋಡಿ. ಮುಕ್ಕಾಲು ಗಂಟೆ ಬಿಟ್ಟು ಚುಕ್ಕಿ ನಮ್ಮ ಕರಾವಳಿ ಕಡೆ ಮತ್ತೆ ಎದ್ದಿತು. ತಮ್ಮ ಇಳಿದು ಮೊಬೈಲು ಆನ್ ಮಾಡಿ ಕೇಳಿದ್ದು, "ಯಾರು ಹೋದ್ರು? ಇಷ್ಟೊಂದು ಮಿಸ್ಡ್ ಕಾಲ್ ಎಂತಕ್ಕೆ?"

ಚುಕ್ಕಿ ಮಾಯವಾಗುವುದು ಯಾಕೆ ಅಂದರೆ, ವಿಮಾನವೇ ತಾನು ಎಲ್ಲಿದ್ದೇನೆ ಅಂತ ಜಿಪಿಎಸ್ ನೋಡಿಕೊಂಡು ರೇಡಿಯೋದಲ್ಲಿ ಹೇಳುತ್ತಾ ಹೋಗುತ್ತದೆ. ಅದಕ್ಕೆ ಎಡಿಎಸ್-ಬಿ ಅನ್ನುತ್ತಾರೆ. ಅದನ್ನು ನೆಲದಲ್ಲಿರುವ ಆಂಟೆನಾ ಕೇಳಿಸಿಕೊಳ್ಳುತ್ತದೆ, ಅದರಲ್ಲಿ ಎಷ್ಟೋ ಆಂಟೆನಾ ಆಸಕ್ತಿ ಇರುವವರು ತಮ್ಮ ಮನೆಯ ಮಾಡಿನ ಮೇಲೆ ಇಟ್ಟುಕೊಂಡದ್ದು. ಭೂಮಿ ಗುಂಡಗಿದೆ ನೋಡಿ, ವಿಮಾನ ಎಷ್ಟೇ ಎತ್ತರದಲ್ಲಿದ್ದರೂ ಸುಮಾರು 400 ಕಿಲೋಮೀಟರ್ ದೂರ ಹೋದರೆ ಆ ಮಾತು ಕೇಳಿಸುವುದಿಲ್ಲ. ನಡು ಸಮುದ್ರದಲ್ಲಿ ಆಂಟೆನಾ ಇಡಲು ಯಾರ ಮಾಡು ಉಂಟು? ಉಪಗ್ರಹದಿಂದ ಕೇಳುವ ವ್ಯವಸ್ಥೆಯೂ ಈಗ ಇದೆ, ಆದರೆ ಆಪ್‌ನಲ್ಲಿ ಎಲ್ಲ ವಿಮಾನಕ್ಕೂ ಎಲ್ಲ ಹೊತ್ತಿಗೂ ಅದು ಸಿಗುವುದಿಲ್ಲ. ಅಂದರೆ ಕಾಣೆಯಾದದ್ದು ವಿಮಾನ ಅಲ್ಲ, ನಮ್ಮ ಕಿವಿ.

ಇದನ್ನೆಲ್ಲ ನಾನು ಕಲಿತದ್ದು 2014ರಲ್ಲಿ. ಮಾರ್ಚ್ 8ರಂದು ಕೌಲಾಲಂಪುರದಿಂದ ಬೀಜಿಂಗಿಗೆ ಹೊರಟು ಕಾಣೆಯಾದ ಮಲೇಶ್ಯ ಏರ್‌ಲೈನ್ಸಿನ ವಿಮಾನ ಎಂಎಚ್370 ನೆನಪಿದೆ ಅಲ್ವಾ? 239 ಜನ, ಅದರಲ್ಲಿ ಐದು ಮಂದಿ ಭಾರತೀಯರು. ರಾತ್ರಿ 12.42ಕ್ಕೆ ಹಾರಿತು, 1.19ಕ್ಕೆ ವಿಮಾನದಿಂದ ಕೊನೆಯ ಮಾತು, 1.21ಕ್ಕೆ ರೇಡಾರ್ ಪರದೆಯಿಂದ ಹೋಯಿತು. ಆ ದಿನ ಕಂಪೆನಿ ಮೊದಲು ಹೇಳಿದ್ದು 2.40ಕ್ಕೆ ಸಂಪರ್ಕ ತಪ್ಪಿತು ಅಂತ. ಕೊನೆಗೆ ಆಡಿದ ಮಾತನ್ನೂ ಮೊದಲು ಒಂದು ಥರ ಹೇಳಿ ಮೂರು ವಾರ ಬಿಟ್ಟು ತಿದ್ದಿದರು. ಒಂದು ವಾರ ಪೂರ್ವದ ಸಮುದ್ರದಲ್ಲಿ ಹುಡುಕಿದರು, ಅಷ್ಟರಲ್ಲಿ ಮಿಲಿಟರಿ ರೇಡಾರ್ ಪ್ರಕಾರ ವಿಮಾನ ಪಶ್ಚಿಮಕ್ಕೆ ತಿರುಗಿತ್ತು ಅಂತ ಗೊತ್ತಾಯಿತು. ನಮ್ಮ ನೌಕಾಪಡೆಯೂ ಅಂಡಮಾನ್ ಕಡೆ ಹುಡುಕಿತು.

ಇಷ್ಟು ದೊಡ್ಡ ಖಾಲಿ ಜಾಗ ಸಿಕ್ಕಿದರೆ ಟಿವಿಯವರು ಬಿಡುತ್ತಾರಾ? ಕಾಸರಗೋಡಿನವರಿಗೆ ಒಂದು ಸೌಭಾಗ್ಯ ಅಂದರೆ ಮಲಯಾಳ, ಕನ್ನಡ, ಇಂಗ್ಲಿಷ್ ಮೂರು ಭಾಷೆಯಲ್ಲೂ ತಲೆ ಕೆಡಿಸಿಕೊಳ್ಳಬಹುದು. ಒಂದರಲ್ಲಿ ಅಪಹರಣ, ಒಂದರಲ್ಲಿ ಪೈಲಟ್, ಒಂದರಲ್ಲಿ ಹಿಂದೂ ಮಹಾಸಾಗರದಲ್ಲಿ ಅಮೆರಿಕದ ಮಿಲಿಟರಿ ನೆಲೆ ಇರುವ ಡಿಯಾಗೊ ಗಾರ್ಸಿಯಾ ದ್ವೀಪದಲ್ಲಿ ಬಚ್ಚಿಟ್ಟಿದ್ದಾರೆ ಅಂತ. ಕದ್ದ ಪಾಸ್‌ಪೋರ್ಟಿನಲ್ಲಿ ಹತ್ತಿದ ಇಬ್ಬರು ಇರಾನಿಗಳು ನಾಲ್ಕು ದಿನ ಭಯೋತ್ಪಾದಕರಾಗಿದ್ದರು. ಆಮೇಲೆ ನೋಡಿದರೆ ಯುರೋಪಿಗೆ ಆಶ್ರಯ ಹುಡುಕಿ ಹೊರಟವರು. ಸಿಎನ್‌ಎನ್‌ನಲ್ಲಿ ಒಬ್ಬ ನಿರೂಪಕ ಕಪ್ಪು ಕುಳಿ ನುಂಗಿರಬಹುದಾ ಅಂತ ತಜ್ಞರನ್ನು ಕೇಳಿದ. ಸಣ್ಣ ಕಪ್ಪು ಕುಳಿಯಾದರೂ ಇಡೀ ವಿಶ್ವವನ್ನೇ ಎಳೆದುಕೊಂಡುಬಿಡುತ್ತಿತ್ತು ಅಂತ ಅವರು ಉತ್ತರ ಕೊಟ್ಟರು. ಆ ಉತ್ತರವೂ ಅಷ್ಟಕ್ಕಷ್ಟೇ. ಮಲೇಶ್ಯದಲ್ಲಿ ಒಬ್ಬ ಮಂತ್ರವಾದಿ ಏರ್‌ಪೋರ್ಟಿಗೇ ಬಂದು ತೆಂಗಿನಕಾಯಿ, ಬಿದಿರಿನ ದುರ್ಬೀನು ಹಿಡಿದು ವಿಮಾನ ಹುಡುಕಿದ. ಜಗತ್ತೆಲ್ಲ ನಕ್ಕಿತು. ನಾನು ನಗಲಿಲ್ಲ, ದನ ಕಾಣೆಯಾದರೂ ಜೋಯಿಸರ ಹತ್ತಿರ ಪ್ರಶ್ನೆ ಇಡಿಸುವ ಊರಿನವನು ನಾನು.

ಮತ್ತೆ ಟಿವಿಯವರನ್ನು ಮಾತ್ರ ಬೈದರೆ ನ್ಯಾಯ ಅಲ್ಲ. ಆಗ ಟಾಮ್‌ನಾಡ್ ಅಂತ ಒಂದು ಸೈಟ್ ಇತ್ತು, ಉಪಗ್ರಹದ ಚಿತ್ರ ತೋರಿಸಿ, ಅನುಮಾನ ಬಂದ ಕಡೆ ಗುರುತು ಹಾಕಿ ಅಂತ ಜನರನ್ನೇ ಕೇಳುತ್ತಿತ್ತು. ಲಕ್ಷಗಟ್ಟಲೆ ಜನ ಕೂತು ಹುಡುಕಿದರು. ನಾನೂ ಕಾಸರಗೋಡು ಪೇಟೆಯ ಇಂಟರ್ನೆಟ್ ಕೆಫೆಯಲ್ಲಿ ಗಂಟೆಗೆ ದುಡ್ಡು ಕೊಟ್ಟು ಮೂರು ಸಂಜೆ ಹುಡುಕಿದೆ. ಒಂದು ಬಿಳಿ ಗೀಟು ಕಂಡು ಎದೆ ಹೊಡೆದುಕೊಂಡಿತು, ರೆಕ್ಕೆಯೇ ಇದು ಅಂತ. ಕೆಳಗೆ ಚಾದ ಅಂಗಡಿಗೆ ಬಂದು ನಾಲ್ಕು ಜನಕ್ಕೆ ಹೇಳಿದ್ದೂ ಹೇಳಿದ್ದೇ. ಅದು ತೆರೆಯ ನೊರೆ. ನನ್ನಂಥವರು ಹಾಕಿದ ಗುರುತುಗಳಿಂದ ವಿಮಾನ ಸಿಗಲಿಲ್ಲ. 2015ರ ಜುಲೈಯಲ್ಲಿ ರೆಕ್ಕೆಯ ಒಂದು ತುಂಡು ರಿಯೂನಿಯನ್ ದ್ವೀಪದ ದಡಕ್ಕೆ ತಾನಾಗಿ ಬಂದು ಬಿತ್ತು, ಸಮುದ್ರದ ತಳದಲ್ಲಿ 1,20,000 ಚದರ ಕಿಲೋಮೀಟರ್ ಹುಡುಕಿ 2017ರಲ್ಲಿ ನಿಲ್ಲಿಸಿದರು. ಮಲೇಶ್ಯದ ತನಿಖೆಯವರು 2018ರ ವರದಿಯಲ್ಲಿ ಕಾರಣ ಹೇಳಲು ಆಗುವುದಿಲ್ಲ ಅಂತ ಬರೆದರು. ಅಷ್ಟು ಜನ ಅಷ್ಟು ವರ್ಷ ಮಾತಾಡಿದ ಮೇಲೆ ಒಬ್ಬರು ಹಾಗೆ ಬರೆದದ್ದು ನನಗೆ ದೊಡ್ಡದು ಅನಿಸಿತು.

ಈಗ ಬೈಯುವ ಭಾಗ. ನನ್ನ ತಕರಾರು ಚುಕ್ಕಿ ಮಾಯವಾದದ್ದಕ್ಕೆ ಅಲ್ಲವೇ ಅಲ್ಲ. ಕೇಳಿಸದಿದ್ದಾಗ ಖಾಲಿ ಬಿಡುವುದೇ ಸರಿ. ಆದರೆ ಈ ಆಪ್ ಮಾಯ ಮಾಡುವ ಮೊದಲು ಸ್ವಲ್ಪ ಹೊತ್ತು ತಾನೇ ಅಂದಾಜು ಮಾಡಿ ವಿಮಾನವನ್ನು ನಡೆಸುತ್ತದೆ, ಇದೇ ವೇಗದಲ್ಲಿ ಇದೇ ದಿಕ್ಕಿನಲ್ಲಿ ಹೋಗಿರಬಹುದು ಅಂತ. ಅದು ಅಂದಾಜು ಅನ್ನುವುದು ಗೆರೆಯ ಬಣ್ಣ ನೋಡಿ ನಾವೇ ತಿಳಿದುಕೊಳ್ಳಬೇಕು, ಅರುವತ್ತು ದಾಟಿದ ಅಮ್ಮನಿಗೆ ಅದು ಹೇಗೆ ಗೊತ್ತಾಗಬೇಕು? ನಿಜವಾದ ಚುಕ್ಕಿಯೂ ಊಹೆಯ ಚುಕ್ಕಿಯೂ ಒಂದೇ ಥರ ಕಾಣುತ್ತದೆ. "ಇಲ್ಲಿಂದ ಮುಂದೆ ನಮಗೆ ಕೇಳಿಸುವುದಿಲ್ಲ, ಗಾಬರಿ ಬೇಡ" ಅಂತ ಒಂದು ಸಾಲು ಹಾಕಲು ಎಷ್ಟು ಖರ್ಚು? ಅದಕ್ಕೆ ಒಂದು ಸ್ಟಾರ್ ಕಡಿತ.

ಉಳಿದ ಅರ್ಧ 7700ರ ಗಂಟೆಗೆ. ವಿಮಾನದಲ್ಲಿ ತುರ್ತು ಇದ್ದರೆ ಪೈಲಟ್ 7700 ಅಂತ ನಂಬರು ಹಾಕುತ್ತಾರೆ, ಆಪ್ ಕೂಡಲೇ ಟಿಂಗ್ ಅನ್ನುತ್ತದೆ. ಪ್ರಯಾಣಿಕರೊಬ್ಬರಿಗೆ ಎದೆನೋವು ಬಂದರೂ 7700 ಹಾಕುವುದುಂಟು. ಅಮ್ಮನಿಗೆ ಆ ಟಿಂಗ್ ಕೇಳಿದರೆ ಸಾಕು, ಎಲ್ಲಿಯದ್ದೋ ಕೆನಡಾದ ವಿಮಾನಕ್ಕೂ ದೇವರ ಕೋಣೆಯಲ್ಲಿ ದೀಪ. ನಾನು ಸೆಟ್ಟಿಂಗ್ಸಿಗೆ ಹೋಗಿ ಅದನ್ನು ಆಫ್ ಮಾಡಿದೆ. ನೀವೂ ಹಿರಿಯರ ಮೊಬೈಲಿಗೆ ಹಾಕುವುದಾದರೆ ಮೊದಲು ಮಾಡಬೇಕಾದ ಕೆಲಸ ಅದು. ಎರಡನೆಯದು, ಸಮುದ್ರದ ಮೇಲೆ ಚುಕ್ಕಿ ಹೋಗುತ್ತದೆ ಅಂತ ಮೊದಲೇ ತೋರಿಸಿ ಹೇಳಿ. ಸ್ಕ್ರೀನ್‌ಶಾಟ್ ಯಾರಿಗೂ ಕಳಿಸಬೇಡಿ ಅಂತಲೂ ಹೇಳಿ, ಕೇಳಿದರೆ ನಿಮ್ಮ ಪುಣ್ಯ.

ಮುಂದಿನ ತಿಂಗಳು ಚಂದಾ ಮುಗಿಯುತ್ತದೆ. ಒಬ್ಬ ಮಗನ ವಿಮಾನ ನೋಡಲು ಉಚಿತದ್ದೇ ಸಾಕಾಗುತ್ತಿತ್ತು. ಆದರೆ ಉಚಿತದ್ದರಲ್ಲಿ ನಡುವೆ ಜಾಹೀರಾತು ಬರುತ್ತದೆ, ಅಮ್ಮ ಅದನ್ನು ಒತ್ತಿ ಯಾವುದೋ ಆಟ ಡೌನ್‌ಲೋಡ್ ಮಾಡಿ, "ಈಗ ಇದರಲ್ಲಿ ಶಾರ್ಜಾ ಎಲ್ಲಿ?" ಅಂತ ಕೇಳುತ್ತಾರೆ. ಹಾಗಾಗಿ ಇನ್ನೊಂದು ವರ್ಷಕ್ಕೆ ಕಟ್ಟುತ್ತೇನೆ.