ಐದು ವರ್ಷ ಬಳಸಿದ ಮೇಲೆ ಹೇಳ್ತಿದೀನಿ: ಉತ್ತರ ಸಿಗದ ಪ್ರಶ್ನೆಗಳನ್ನ ಮೊದಲು ತೋರ್ಸಿ

ಸ್ಟಾಟಿಸ್ಟಿಕ್ಸ್ ಪಾಠ ಮಾಡೋದು ನನ್ನ ಕೆಲಸ. ಕ್ಲಾಸ್ ಮುಗಿದ ಮೇಲೆ ಮಕ್ಕಳು ಡೌಟ್ ಕೇಳೋಕೆ, ಒಬ್ರಿಗೊಬ್ರು ಉತ್ತರ ಹೇಳ್ಕೊಳ್ಳೋಕೆ ಅಂತ ಒಂದು ಡಿಸ್ಕಷನ್ ಸಾಫ್ಟ್‌ವೇರ್ ಇದೆ, ಐದು ವರ್ಷದಿಂದ ದಿನಾ ಅದ್ರೊಳಗೇ ಇದೀನಿ. ಅದರ ಹೆಸರು ಹೇಳಲ್ಲ, ಯಾಕಂದ್ರೆ ಇಲ್ಲಿ ಬರೆಯೋ ತೊಂದ್ರೆಗಳು ಈ ಥರದ ಬೇರೆ ಸಾಫ್ಟ್‌ವೇರ್ ಬಳಸೋರಿಗೂ ಗೊತ್ತಿರೋವೇ. ಈಗ ಅದರ ಹೊಸ ವರ್ಷನ್ ಬರ್ತಿದೆ. ಹದಿನಾರು ಫೀಚರ್ ಇರೋ ಲಿಸ್ಟ್ ಕಳ್ಸಿ, ನಿಮಗೆ ಮೊದಲು ಬೇಕಾದ ಐದಕ್ಕೆ ಟಿಕ್ ಹಾಕಿ ಅಂದಿದಾರೆ. ಹಾಕ್ದೆ, ಕಳಿಸ್ದೆ, ಆದ್ರೆ ಯಾಕೆ ಆ ಐದು ಅಂತ ಹೇಳೋಕೆ ಆ ಫಾರ್ಮ್‌ನಲ್ಲಿ ಜಾಗಾನೇ ಇರ್ಲಿಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಒಳ್ಳೇದು ಮೊದಲು ಹೇಳ್ಬಿಡ್ತೀನಿ. ಸ್ಪೀಡ್ ಚೆನ್ನಾಗಿದೆ, ಹಳೇ ಫೋನಲ್ಲೂ ಓಪನ್ ಆಗತ್ತೆ, ಐದು ವರ್ಷದಲ್ಲಿ ಒಂದು ಪೋಸ್ಟೂ ಕಳೆದುಹೋಗಿಲ್ಲ (ಪೋಸ್ಟ್ ಆಗೋಕೆ ಮುಂಚೆ ಕಳೆದುಹೋಗಿದ್ದು ಬೇರೆ ಕಥೆ, ಆಮೇಲೆ ಬರ್ತೀನಿ). ಕ್ಲಾಸಲ್ಲಿ ಬಾಯೇ ಬಿಡದ ಮಕ್ಕಳು ಇಲ್ಲಿ ಉದ್ದುದ್ದ ಬರೆದಿದ್ದನ್ನ ನೋಡಿ ನನಗೆ ಎಷ್ಟೋ ಸಲ ಖುಷಿಯಾಗಿದೆ.

ಈಗ ಆ ಲಿಸ್ಟ್ ವಿಷ್ಯಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಬೇಕಾಗಿದ್ದು ಹದಿಮೂರನೇ ನಂಬರ್‌ನಲ್ಲಿತ್ತು, ಅದೂ "ಇನ್‌ಸ್ಟ್ರಕ್ಟರ್ ಕ್ಯೂ ಫಿಲ್ಟರ್" ಅನ್ನೋ ಹೆಸರಲ್ಲಿ. ಆ ಹೆಸರು ಓದಿ ಯಾರು ಟಿಕ್ ಹಾಕ್ತಾರೆ ಹೇಳಿ? ಒಳಗೆ ಇರೋದು ಇಷ್ಟೇ, ಇನ್ನೂ ಉತ್ತರ ಸಿಗದ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ತೋರ್ಸೋದು.

ಇದು ಯಾಕೆ ಮೊದಲು ಬರ್ಬೇಕು ಅನ್ನೋದಕ್ಕೆ ಒಂದು ಘಟನೆ ಹೇಳ್ತೀನಿ. ಒಬ್ಬ ವಿದ್ಯಾರ್ಥಿನಿ, ಸ್ಯಾಂಪಲ್ ವೇರಿಯನ್ಸ್ (ಸ್ಯಾಂಪಲ್ ಅಂಕಿಗಳು ಎಷ್ಟು ಚದುರಿವೆ ಅನ್ನೋ ಅಳತೆ) ಲೆಕ್ಕ ಹಾಕುವಾಗ ಒಟ್ಟು ಸಂಖ್ಯೆಯಿಂದ ಭಾಗಿಸದೆ ಒಂದು ಕಮ್ಮಿ ಮಾಡಿ ಯಾಕೆ ಭಾಗಿಸ್ತೀವಿ ಅಂತ ಕೇಳಿದ್ಲು. ಅಪ್ಪಟ ಪ್ರಶ್ನೆ, ಅದನ್ನ ಬಿಡಿಸಿ ಹೇಳಿದ್ರೆ ಎಸ್ಟಿಮೇಷನ್ (ಸ್ಯಾಂಪಲ್ ನೋಡಿ ಇಡೀ ಗುಂಪಿನ ಬಗ್ಗೆ ಅಂದಾಜು ಮಾಡೋದು) ಪಾಠದ ಅರ್ಧ ಅರ್ಥ ಆಗ್ಬಿಡತ್ತೆ. ಆದ್ರೆ ಅವಳು ಹೊಸ ಥ್ರೆಡ್ (ಒಂದು ಪೋಸ್ಟ್, ಅದರ ಕೆಳಗಿನ ರಿಪ್ಲೈಗಳು) ಶುರು ಮಾಡ್ಲಿಲ್ಲ, ಮೊದಲೇ ಬಗೆಹರಿದಿದ್ದ ಒಂದು ಥ್ರೆಡ್‌ನ ಕೆಳಗೆ ರಿಪ್ಲೈ ಥರ ಹಾಕಿದ್ಲು. ಸಾಫ್ಟ್‌ವೇರ್ ಲೆಕ್ಕದಲ್ಲಿ ಆ ಥ್ರೆಡ್‌ಗೆ ಹಸಿರು ಟಿಕ್ ಬಿದ್ದಾಗಿತ್ತು, ಹಾಗಾಗಿ ಅದು ನನ್ನ ಮುಂದೆ ಬರ್ಲೇ ಇಲ್ಲ. ನಾನು ನೋಡಿದ್ದು ಹನ್ನೊಂದು ದಿನ ಆದ್ಮೇಲೆ, ಅಷ್ಟೊತ್ತಿಗೆ ಟೆಸ್ಟ್ ಮುಗಿದಿತ್ತು. ತಡ ಆಯ್ತಮ್ಮಾ ಅಂತ ಬರೆದು ವಿವರಿಸಿದ್ರೆ, "ಪರವಾಗಿಲ್ಲ ಮೇಡಂ, ಉರು ಹೊಡ್ಕೊಂಡೆ" ಅಂದ್ಲು. ಆಮೇಲೆ ಆ ಸೆಮಿಸ್ಟರ್ ಪೂರ್ತಿ ಅವಳು ಇನ್ನೊಂದು ಪ್ರಶ್ನೆ ಕೇಳ್ಲಿಲ್ಲ. ಈ ಮಾತು ನನ್ನನ್ನ ಇವತ್ತಿಗೂ ಚುಚ್ಚತ್ತೆ.

ಅಂದ್ರೆ ತಪ್ಪಾಗಿರೋದು ಲೆಕ್ಕ ಇಡೋ ರೀತಿಯಲ್ಲೇ. ಥ್ರೆಡ್‌ಗೆ ಉತ್ತರ ಬಂತಾ ಅಂತ ಲೆಕ್ಕ ಇಡ್ತಾರೆ, ಪ್ರಶ್ನೆಗೆ ಉತ್ತರ ಬಂತಾ ಅಂತ ಇಡ್ಬೇಕು. ಒಂದು ಥ್ರೆಡ್‌ನಲ್ಲಿ ನಾಲ್ಕು ಪ್ರಶ್ನೆ ಇರ್ಬೋದು, ಉತ್ತರ ಬಂದ್ರೂ ಕೇಳಿದವ್ರಿಗೆ ಅರ್ಥ ಆಗ್ದೇ ಇರ್ಬೋದು, "ಸರಿ" ಅಂತ ಕೇಳಿದವ್ರೇ ಹೇಳೋ ತನಕ ಅದು ಬಗೆಹರಿದ ಹಾಗಲ್ಲ. ಇದೇನು ಯಾರೂ ಮಾಡದ ಕೆಲಸ ಅಲ್ಲ, ಪಿಯಾಝಾ ಅನ್ನೋ ಇದೇ ಥರದ ಸಾಫ್ಟ್‌ವೇರ್‌ನಲ್ಲಿ ಉತ್ತರ ಬಂದಿಲ್ದೇ ಇರೋ ಪ್ರಶ್ನೆಗಳ ಲೆಕ್ಕಾನೂ ಇದೆ, ಕೆಳಗೆ ಬರೋ ಫಾಲೋಅಪ್ ಒಂದೊಂದಕ್ಕೂ ಬಗೆಹರಿದಿದೆ, ಇಲ್ಲ ಅಂತ ಬೇರೆ ಗುರುತೂ ಇದೆ. ನಮ್ಮದ್ರಲ್ಲಿ ಇದರ ಜೊತೆಗೆ ಕೇಳಿ ಎಷ್ಟು ಹೊತ್ತಾಯ್ತು ಅಂತಾನೂ ತೋರ್ಸಿ, ಹಳೇದು ಮೇಲೆ ಬಂದ್ರೆ ಸಾಕು, ಬೆಳಿಗ್ಗೆ ಹತ್ತು ನಿಮಿಷ ಕೂತು ಮುಗಿಸ್ತೀನಿ.

ಎರಡನೇದು ಡ್ರಾಫ್ಟ್. ಫೋನಲ್ಲಿ ಅರ್ಧ ಗಂಟೆ ಕೂತು ಟೈಪ್ ಮಾಡ್ತಾರೆ, ಮಧ್ಯೆ ಒಂದು ಕಾಲ್ ಬರತ್ತೆ ಅಥವಾ ಲಾಗಿನ್ ಟೈಮ್ ಮುಗಿಯತ್ತೆ, ಪೋಸ್ಟ್ ಒತ್ತಿದ್ರೆ ಮತ್ತೆ ಪಾಸ್‌ವರ್ಡ್ ಕೇಳತ್ತೆ, ವಾಪಸ್ ಬಂದ್ರೆ ಬಾಕ್ಸ್ ಖಾಲಿ. ಎರಡನೇ ಸಲ ಯಾರೂ ಅದನ್ನೇ ಪೂರ್ತಿ ಬರೆಯಲ್ಲ, ಮೂರು ಪ್ಯಾರಾ ಇದ್ದದ್ದು ಒಂದು ಸಾಲಾಗಿ ಬರತ್ತೆ. ಅಲ್ಲಿ ಹೋಗೋದು ಬರೀ ಅಕ್ಷರ ಅಲ್ಲ, ಆ ಮಗು ಯೋಚನೆ ಮಾಡಿದ್ದೇ ಹೋಗತ್ತೆ. ಆದ್ರೆ ಲಿಸ್ಟ್‌ನಲ್ಲಿ ಆಟೋಸೇವ್ (ಬರೀತಿರೋದು ತಾನಾಗೇ ಸೇವ್ ಆಗೋದು) ಇರ್ಲೇ ಇಲ್ಲ! ನಾನು ಕೆಳಗೆ "ಇತರೆ" ಅನ್ನೋ ಕಡೆ ಅದನ್ನ ಬರೆದು, ನನ್ನ ಎರಡನೇ ಟಿಕ್ ಅಲ್ಲೇ ಹಾಕ್ದೆ.

ಇಲ್ಲಿ ಒಂದು ಮಾತು. ನೊರಿಯಾಕಿ ಕಾನೊ ಅನ್ನೋರು 1984ರಲ್ಲಿ ಪ್ರಾಡಕ್ಟ್ ಗುಣಗಳ ಬಗ್ಗೆ ಒಂದು ಮಾಡೆಲ್ ಕೊಟ್ರು. ಕೆಲವು ಗುಣ ಇದ್ರೆ ಯಾರೂ ಗಮನಿಸಲ್ಲ, ಇಲ್ದಿದ್ರೆ ಮಾತ್ರ ಸಿಟ್ಟು ಬರತ್ತೆ, ಇನ್ನು ಕೆಲವು ಇಲ್ದಿದ್ರೂ ಬೇಜಾರಿಲ್ಲ, ಇದ್ರೆ ಖುಷಿ. ಆಟೋಸೇವ್ ಮೊದಲನೇ ಜಾತಿದು. ವೋಟ್ ಹಾಕಿ ಅಂದ್ರೆ ಜನ ಖುಷಿ ಕೊಡೋದಕ್ಕೇ ಹಾಕ್ತಾರೆ, ಇರ್ಲೇಬೇಕಾದ್ದು ಹಿಂದೆ ಬೀಳತ್ತೆ. ಇನ್ನೊಂದು, ಈ ಫಾರ್ಮ್ ತುಂಬೋರು ಯಾರು? ನನ್ನಂಥ ಪಾಠ ಮಾಡೋರು, ಅಡ್ಮಿನ್‌ಗಳು, ತುಂಬಾ ಆಕ್ಟಿವ್ ಆಗಿರೋ ನಾಲ್ಕೈದು ಮಕ್ಕಳು. ಒಂದ್ಸಲ ಕೇಳಿ ಉತ್ತರ ಸಿಗದೆ ಬಿಟ್ಟುಹೋದೋರು ಲಾಗಿನ್ನೇ ಆಗಲ್ಲ, ಅವ್ರ ವೋಟ್ ಎಲ್ಲಿಂದ ಬರ್ಬೇಕು. ಹಾಗಾಗಿ ವೋಟ್ ಜೊತೆ ಸರ್ವರ್‌ನಲ್ಲಿ ಇರೋ ಲೆಕ್ಕಾನೂ ನೋಡಿ ದಯವಿಟ್ಟು. ಒಂದೇ ಒಂದು ಪ್ರಶ್ನೆ ಕೇಳಿ ಆಮೇಲೆ ಬರದೇ ಇದ್ದೋರು ಎಷ್ಟು ಜನ, ಅವ್ರ ಆ ಪ್ರಶ್ನೆಗೆ ಏನಾಯ್ತು, ಇದು ನಿಮ್ಮ ಹತ್ರಾನೇ ಇದೆ.

ಮೂರನೇ ಟಿಕ್ ಹಾಕಿದ್ದು ಹೆಸರು ಮರೆಮಾಡಿ ಕೇಳೋದಕ್ಕೆ. ಸಹಪಾಠಿಗಳಿಗೆ ಹೆಸರು ಕಾಣ್ಬಾರ್ದು, ಪಾಠ ಮಾಡೋರಿಗೆ ಕಾಣ್ಬೇಕು. ಎಲ್ಲರಿಗೂ ಮುಚ್ಚಿಟ್ರೆ ಯಾರಾದ್ರೂ ಯಾರನ್ನಾದ್ರೂ ನೋಯಿಸಿದಾಗ ತಡೆಯೋಕಾಗಲ್ಲ, ಯಾರಿಗೆ ಯಾವ ಪಾಠ ಕಷ್ಟ ಆಗ್ತಿದೆ ಅಂತಾನೂ ಗೊತ್ತಾಗಲ್ಲ. ಇದರ ಜೊತೆಗೇ ತಪ್ಪು ಉತ್ತರ ಬರೆದ ಹುಡುಗನಿಗೆ ಎಲ್ಲರ ಮುಂದೆ ಹೇಳದೆ ಅವನೊಬ್ಬನಿಗೇ ಕಾಣೋ ಹಾಗೆ ರಿಪ್ಲೈ ಮಾಡೋ ದಾರಿ ಬೇಕು, ಮೂಡಲ್ ಅನ್ನೋ ಆನ್‌ಲೈನ್ ಪಾಠದ ಸಾಫ್ಟ್‌ವೇರ್‌ನಲ್ಲಿ 2019ರ 3.7 ವರ್ಷನ್‌ನಿಂದಾನೇ ಇದೆ. ಮೂಡಲ್‌ದು ಇನ್ನೊಂದು ನನಗೆ ತುಂಬಾ ಇಷ್ಟ, ಅದ್ರಲ್ಲಿ ಪ್ರಶ್ನೋತ್ತರ ಅಂತ ಒಂದು ಬಗೆಯ ಫೋರಂ ಇದೆ, ತಾನು ಉತ್ತರ ಬರೆಯೋ ತನಕ ಬೇರೆಯವ್ರದ್ದು ಕಾಣಲ್ಲ. ಮೊದಲು ಬರೆದವ್ರದ್ದನ್ನೇ ಪದ ಬದಲಾಯಿಸಿ ಹಾಕೋದು ಇದ್ರಿಂದ ತಪ್ಪತ್ತೆ. ನನ್ನ ನಾಲ್ಕನೇ ಟಿಕ್ ಅಂಥದ್ದಕ್ಕೇ.

ಐದನೇದು ಸರ್ಚ್. ಇದಕ್ಕೆ ಎಲ್ಲರೂ ಹಾಕ್ತಾರೆ ಬಿಡಿ, ಆದ್ರೆ ಒಂದು ವಿಷ್ಯ ಯಾರೂ ಬರೆದಿರಲ್ಲ. ಕನ್ನಡದಲ್ಲಿ "ಸರಾಸರಿ" ಅಂತ ಹುಡುಕಿದ್ರೆ "ಸರಾಸರಿಯನ್ನ", "ಸರಾಸರಿಗಿಂತ" ಅಂತ ಇರೋ ಪೋಸ್ಟ್ ಸಿಗಲ್ಲ, ಪೂರ್ತಿ ಪದ ಹೊಂದಿದ್ರೆ ಮಾತ್ರ ಸಿಗತ್ತೆ. ಪ್ರತ್ಯಯ ಅಂಟಿಸ್ಕೊಂಡೇ ಮಾತಾಡೋ ಭಾಷೆಗೆ ಇದು ಏನೇನೂ ಸಾಲ್ದು, ಪದದ ಶುರುವಿನ ಭಾಗ ಹೊಂದಿದ್ರೂ ತೋರಿಸೋ ಹಾಗೆ ಮಾಡಿ. ಸೂತ್ರಗಳದ್ದೂ ಇದೇ ಪಾಡು, ಲೇಟೆಕ್ (ಸೂತ್ರಗಳನ್ನ ಕೋಡ್ ಥರ ಟೈಪ್ ಮಾಡೋ ವಿಧಾನ) ಸಪೋರ್ಟ್ ಇದೆ ನಿಜ, ಫೋನಲ್ಲಿ ಅದನ್ನ ಟೈಪ್ ಮಾಡೋಕೆ ಆಗ್ದೆ ಮಕ್ಕಳು ನೋಟ್‌ಬುಕ್ ಫೋಟೋ ಹಾಕ್ತಾರೆ, ಫೋಟೋ ಒಳಗಿಂದು ಸರ್ಚ್‌ಗೆ ಸಿಗಲ್ಲ, ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಬಳಸೋ ವಿದ್ಯಾರ್ಥಿಗೂ ಕೇಳ್ಸಲ್ಲ. ವರ್ಗಮೂಲ, ಘಾತ, ಸಿಗ್ಮಾ ಇರೋ ಒಂದು ಚಿಕ್ಕ ಕೀಪ್ಯಾಡ್ ಕೊಟ್ರೆ ತುಂಬಾ ಫೋಟೋ ಕಮ್ಮಿ ಆಗತ್ತೆ. ಮತ್ತೆ ಆ ತಿಳಿ ಬೂದು ಅಕ್ಷರ ಬದಲಾಯಿಸಿ, ಸಾಮಾನ್ಯ ಅಕ್ಷರಕ್ಕೆ ಹಿನ್ನೆಲೆ ಜೊತೆ ಕನಿಷ್ಠ 4.5:1 ಕಾಂಟ್ರಾಸ್ಟ್ ಇರ್ಬೇಕು ಅಂತ ವೆಬ್ ಆಕ್ಸೆಸಿಬಿಲಿಟಿ ಗೈಡ್‌ಲೈನ್ ಇದೆ, ಇದನ್ನ ವೋಟ್‌ಗೆ ಬಿಡೋದೇ ಸರಿಯಲ್ಲ.

ಬ್ಯಾಡ್ಜ್, ಲೀಡರ್‌ಬೋರ್ಡ್ ಈ ಸಲ ಬೇಡ. ಪಾಯಿಂಟ್ ಅಂದ ತಕ್ಷಣ "ಥ್ಯಾಂಕ್ಯೂ", "ಸೂಪರ್" ಅನ್ನೋ ಪೋಸ್ಟ್‌ಗಳು ತುಂಬ್ಕೊಳತ್ವೆ, ಪ್ರಶ್ನೆ ಕೆಳಗೆ ಹೋಗತ್ತೆ.

ಲಿಸ್ಟ್‌ನಲ್ಲಿ ಮೊದಲನೇದಾಗಿ ಹಾಕಿದ್ದ ಎಐ ಸಾರಾಂಶಕ್ಕೂ ನಾನು ಟಿಕ್ ಹಾಕ್ಲಿಲ್ಲ. ಎಐ ಮೇಲೆ ನನಗೇನೂ ಕೋಪ ಇಲ್ಲ. ನಲವತ್ತು ರಿಪ್ಲೈ ಇರೋ ಚರ್ಚೆಲಿ ಕಲಿಕೆ ನಡೆಯೋದು ಒಬ್ಬ ತಪ್ಪು ಹೇಳಿ, ಇನ್ನೊಬ್ಳು ಅದು ಯಾಕೆ ತಪ್ಪು ಅಂತ ತೋರ್ಸಿ, ಅವ್ನು ಒಪ್ಕೊಳ್ಳೋ ಜಾಗದಲ್ಲಿ, ಸಾರಾಂಶದಲ್ಲಿ ಉಳಿಯೋದು ಕೊನೇ ಉತ್ತರ ಮಾತ್ರ. ಅದೂ ಅಲ್ದೆ ಸಾರಾಂಶದಲ್ಲಿ ಸಾಮಾನ್ಯವಾಗಿ ಬರೋದು ಜಾಸ್ತಿ ಜನ ಹೇಳಿದ್ದು. ಒಬ್ಳೇ ಒಬ್ಳು ಕೆಳಗೆ ಕೇಳಿದ, ಯಾರೂ ಉತ್ತರ ಕೊಡದ ಪ್ರಶ್ನೆ ಅಲ್ಲೂ ಬಿಟ್ಟೋಗತ್ತೆ. ಆಮೇಲೆ ಮಾಡಿ, ಬೇಡ ಅನ್ನಲ್ಲ.

ನೋಟಿಫಿಕೇಷನ್‌ಗೆ ದಿನಕ್ಕೊಂದು ಡೈಜೆಸ್ಟ್ (ಎಲ್ಲಾ ಸೇರಿಸಿ ಒಂದೇ ಮೇಲ್) ಸಾಕು, ಈಗ ರಿಪ್ಲೈಗೊಂದು ಮೇಲ್ ಬಂದು ಬಂದು ಮಕ್ಕಳು ಎಲ್ಲಾನೂ ಆಫ್ ಮಾಡ್ಕೊಂಡಿದಾರೆ.

ಈಗಿನ ವರ್ಷನ್‌ಗೆ ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ. ಹೊಸದು ಬಂದ ದಿನ ನಾನು ಮೊದಲು ಮಾಡೋ ಕೆಲಸ, ಬಗೆಹರಿದ ಒಂದು ಹಳೇ ಥ್ರೆಡ್ ಕೆಳಗೆ ಟೆಸ್ಟ್ ಅಕೌಂಟ್‌ನಿಂದ ಒಂದು ಪ್ರಶ್ನೆ ಹಾಕಿ, ಮಾರನೇ ದಿನ ಬೆಳಿಗ್ಗೆ ಅದು ನನ್ನ ಕಣ್ಣಿಗೆ ಬೀಳತ್ತಾ ಅಂತ ನೋಡೋದು.